‘8ಡಿ’ ಹಾಡು ಮಿದುಳಿನಿಂದ ಕೇಳಿಸುತ್ತದೆಯೇ? ಸ್ಟೀರಿಯೊ ಕೊಟ್ಟ ಬ್ಲುಮ್‌ಲೈನ್ ಕಥೆ

ಲಾಕ್‌ಡೌನ್ ದಿನಗಳಲ್ಲಿ ಒಂದು ವಾಟ್ಸ್‌ಆ್ಯಪ್ ಸಂದೇಶ ಎಲ್ಲೆಡೆ ಸುತ್ತಿತ್ತು. ಇದು 8ಡಿ ಸಂಗೀತ, ಹೊಚ್ಚ ಹೊಸ ತಂತ್ರಜ್ಞಾನ, ಹೆಡ್‌ಫೋನ್ ಹಾಕಿಕೊಂಡೇ ಕೇಳಬೇಕು, ಇದನ್ನು ಕಿವಿಯಿಂದಲ್ಲ ಮಿದುಳಿನಿಂದ ಕೇಳುತ್ತೀರಿ ಎನ್ನುವ ಧಾಟಿಯ ಸಂದೇಶ. ನಮಗೂ ಬಂದಿತ್ತು, ನಾವೂ ಕೇಳಿದೆವು. ಹಾಡು ತಲೆಯ ಸುತ್ತ ತಿರುಗಿದಂತೆ ಅನಿಸುವುದು ನಿಜ. ಸುಳ್ಳು ಇರುವುದು ಅದಕ್ಕೆ ಕೊಟ್ಟ ವಿವರಣೆಯಲ್ಲಿ. ಅಲ್ಲಿ ಎಂಟು ಆಯಾಮಗಳೇನೂ ಇಲ್ಲ. ಎಡಕ್ಕೊಂದು, ಬಲಕ್ಕೊಂದು, ಎರಡೇ ಚಾನೆಲ್. ಹಾಡನ್ನು ಆ ಕಡೆಯಿಂದ ಈ ಕಡೆಗೆ ನಿಧಾನವಾಗಿ ಓಡಾಡಿಸಿ, ಸ್ವಲ್ಪ ಪ್ರತಿಧ್ವನಿ ಸೇರಿಸಿರುತ್ತಾರೆ, ಅಷ್ಟೇ.

ಹೊಸದು ಎನ್ನುವುದೂ ಸರಿಯಲ್ಲ. ಇದರ ಬುಡದಲ್ಲಿರುವ ಸ್ಟೀರಿಯೊ ತಂತ್ರಕ್ಕೆ ಪೇಟೆಂಟ್ ಅರ್ಜಿ ಸಲ್ಲಿಕೆಯಾದದ್ದು 1931ರ ಡಿಸೆಂಬರ್ 14ರಂದು, ಲಂಡನ್ನಿನಲ್ಲಿ. ಸಲ್ಲಿಸಿದವರು 28 ವರ್ಷದ ಎಂಜಿನಿಯರ್ ಅಲನ್ ಬ್ಲುಮ್‌ಲೈನ್.

ಬ್ಲುಮ್‌ಲೈನ್ ಹುಟ್ಟಿದ್ದು 1903ರ ಜೂನ್ 29ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ತಂದೆ ಜರ್ಮನಿಯಿಂದ ಬಂದು ಬ್ರಿಟನ್ನಿನ ಪ್ರಜೆಯಾದವರು. ಏಳನೇ ವಯಸ್ಸಿನಲ್ಲಿ ಮನೆಯ ಕರೆಗಂಟೆ ರಿಪೇರಿ ಮಾಡಿ, ಎಲೆಕ್ಟ್ರಿಕಲ್ ಎಂಜಿನಿಯರ್ ಎಂದು ಸಹಿ ಹಾಕಿ ಅಪ್ಪನಿಗೇ ಬಿಲ್ ಕೊಟ್ಟ ಹುಡುಗ ಎಂಬ ಕಥೆ ಪ್ರಸಿದ್ಧ. ಅದೇ ಹುಡುಗನಿಗೆ ಹನ್ನೆರಡು ವರ್ಷದವರೆಗೂ ಓದಲು ಸರಿಯಾಗಿ ಬರುತ್ತಿರಲಿಲ್ಲವಂತೆ. ಮಗು ಅಕ್ಷರ ಕಲಿಯಲು ತಡ ಮಾಡಿದರೆ ಗಾಬರಿಯಾಗುವ ಪೋಷಕರು ಇದನ್ನು ಬೇಕಿದ್ದರೆ ಫಾರ್ವರ್ಡ್ ಮಾಡಿಕೊಳ್ಳಲಿ.

1929ರಲ್ಲಿ ಅವರು ಕೊಲಂಬಿಯಾ ಗ್ರಾಫೊಫೋನ್ ಕಂಪನಿ ಸೇರಿದರು. ಆಗ ವಿದ್ಯುತ್ ರೆಕಾರ್ಡಿಂಗ್ ವಿಧಾನ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕೈಯಲ್ಲಿತ್ತು, ಅದಕ್ಕೆ ರಾಯಲ್ಟಿ ಕೊಡಬೇಕಿತ್ತು. ಬ್ಲುಮ್‌ಲೈನ್ ಬೇರೆಯದೇ ವಿಧಾನ ಕಟ್ಟಿ ಕೊಲಂಬಿಯಾವನ್ನು ಅದರಿಂದ ಬಿಡಿಸಿದರು. 1931ರಲ್ಲಿ ಕೊಲಂಬಿಯಾ, ನಾಯಿ ಗ್ರಾಮೊಫೋನ್ ಮುಂದೆ ಕೂತ ಚಿತ್ರದ ಎಚ್‌ಎಂವಿ ಕಂಪನಿಯೊಂದಿಗೆ ಸೇರಿ ಇಎಂಐ ಆಯಿತು.

ಅದೇ ವರ್ಷ ಮುಂದೆ ತಮ್ಮ ಹೆಂಡತಿಯಾಗಲಿದ್ದ ಡೊರೀನ್ ಜೊತೆ ಸಿನಿಮಾಕ್ಕೆ ಹೋಗಿದ್ದಾಗ ಒಂದು ವಿಷಯ ಅವರನ್ನು ಕಾಡಿತು. ನಟ ಪರದೆಯ ಈ ತುದಿಯಲ್ಲಿದ್ದರೂ ಆ ತುದಿಯಲ್ಲಿದ್ದರೂ ದನಿ ಬರುತ್ತಿದ್ದದ್ದು ಒಂದೇ ಜಾಗದಿಂದ. ಕಣ್ಣು ಕಾಣದವರಿಗಂತೂ ಯಾರು ಎಲ್ಲಿ ನಿಂತಿದ್ದಾರೆಂದು ಗೊತ್ತಾಗುವುದೇ ಇಲ್ಲ. ಇದನ್ನು ಸರಿಮಾಡುವ ದಾರಿ ತಮಗೆ ಗೊತ್ತಿದೆ ಎಂದು ಅವರು ಡೊರೀನ್‌ಗೆ ಹೇಳಿದರಂತೆ.

ದಾರಿ ಇದ್ದದ್ದು ನಮ್ಮ ಎರಡು ಕಿವಿಗಳಲ್ಲೇ. ಎಡಗಡೆಯ ಶಬ್ದ ಎಡಗಿವಿಗೆ ಮೊದಲು ಬರುತ್ತದೆ, ಸ್ವಲ್ಪ ಜೋರಾಗಿಯೂ ಬರುತ್ತದೆ. ಬಲಗಿವಿಗೆ ತಲುಪಲು ಆಗುವ ತಡ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಈ ವ್ಯತ್ಯಾಸ ನೋಡಿಯೇ ಮಿದುಳು ದಿಕ್ಕು ಲೆಕ್ಕ ಹಾಕುತ್ತದೆ. ಹಾಗಾಗಿ ಫಾರ್ವರ್ಡ್ ಹೇಳುವುದರಲ್ಲಿ ಅರ್ಧ ನಿಜವಿದೆ: ಮಿದುಳು ಕೇಳುತ್ತದೆ, ಆದರೆ ಕಿವಿ ಕೊಟ್ಟದ್ದನ್ನು ಮಾತ್ರ. ಎರಡು ಸ್ಪೀಕರ್‌ಗಳ ಜೋರನ್ನು ಹೆಚ್ಚುಕಡಿಮೆ ಮಾಡಿ ಅಂಥದೇ ವ್ಯತ್ಯಾಸವನ್ನು ಕಿವಿಯಲ್ಲಿ ಹುಟ್ಟಿಸಬಹುದು ಎಂಬುದು ಬ್ಲುಮ್‌ಲೈನ್ ಕಂಡುಕೊಂಡ ಗುಟ್ಟು. 70 ಅಂಶಗಳ ಆ ಪೇಟೆಂಟ್‌ನಲ್ಲಿ ಮೈಕ್ ಜೋಡಿಸುವ ಬಗೆಯಿತ್ತು. ತಟ್ಟೆಯ ಒಂದೇ ಗೀರಿನ ಎರಡು ಗೋಡೆಗಳಲ್ಲಿ ಎರಡು ಚಾನೆಲ್ ಕೊರೆಯುವ ಉಪಾಯವೂ ಇತ್ತು. 1934ರ ಜನವರಿಯಲ್ಲಿ ಆ್ಯಬಿ ರೋಡ್ ಸ್ಟುಡಿಯೊದಲ್ಲಿ ಥಾಮಸ್ ಬೀಚಮ್ ನಡೆಸಿಕೊಟ್ಟ ಮೊಜಾರ್ಟ್ ಸಿಂಫನಿಯನ್ನು ಅವರು ಹೀಗೇ ರೆಕಾರ್ಡ್ ಮಾಡಿದರು.

ಎರಡು ಚಾನೆಲ್‌ಗಳ ಮೊತ್ತ ಒಂದು, ವ್ಯತ್ಯಾಸ ಒಂದು ಎಂದು ಲೆಕ್ಕ ಹಾಕುವ ಉಪಾಯವೂ ಅದರಲ್ಲಿತ್ತು. ಇಂದಿನ ಸ್ಟುಡಿಯೊದಲ್ಲಿ ಈ ಲೆಕ್ಕ ಎಷ್ಟು ಮುಖ್ಯ ಎಂಬುದು ಫೇಸರ್ ಎಂಬ ಸಲಕರಣೆಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಗಿಟಾರ್, ಕೀಬೋರ್ಡ್ ದನಿ ಸುಳಿಸುಳಿಯಾಗಿ ತಿರುಗಿದಂತೆ ಮಾಡುವ ಪುಟ್ಟ ಪೆಟ್ಟಿಗೆ ಇದು. ದನಿಯ ಒಂದು ಪ್ರತಿ ತೆಗೆದು, ಅದರ ಅಲೆಗಳನ್ನು ತುಸು ಸರಿಸಿ ಮೂಲದೊಂದಿಗೆ ಬೆರೆಸುತ್ತದೆ. ಅಲೆಯ ಏರು ಇನ್ನೊಂದರ ಇಳಿತಕ್ಕೆ ಸಿಕ್ಕ ಕಡೆ ಎರಡೂ ಅಳಿಸಿಹೋಗುತ್ತವೆ. ಆ ಅಳಿಯುವ ಜಾಗ ಮೇಲೆ ಕೆಳಗೆ ಓಡಾಡುತ್ತಿರುವುದೇ ನಾವು ಕೇಳುವ ಸುಳಿ. ಕೆಲವು ಫೇಸರ್‌ಗಳಿಗೆ ಎರಡು ಔಟ್‌ಪುಟ್ ಇರುತ್ತವೆ. ಒಂದರಲ್ಲಿ ಪ್ರತಿಯನ್ನು ಮೂಲಕ್ಕೆ ಕೂಡಿರುತ್ತಾರೆ, ಇನ್ನೊಂದರಲ್ಲಿ ಕಳೆದಿರುತ್ತಾರೆ. ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಹಾಕಿದರೆ ಹೆಡ್‌ಫೋನಿನಲ್ಲಿ ದನಿ ವಿಶಾಲವಾಗಿ ಹರಡುತ್ತದೆ.

ಅದೇ ಹಾಡನ್ನು ಒಂದೇ ಸ್ಪೀಕರ್ ಇರುವ ಫೋನಿನಲ್ಲಿ ಹಾಕಿ. ಫೋನ್ ಎಡಬಲ ಎರಡನ್ನೂ ಕೂಡಿಸಿಬಿಡುತ್ತದೆ. ಕೂಡಿದ್ದು, ಕಳೆದದ್ದು ಪರಸ್ಪರ ಹೊಡೆದುಹೋಗಿ ಮೂಲ ದನಿಯಷ್ಟೇ ಉಳಿಯುತ್ತದೆ, ಸುಳಿ ಮಾಯ! ಅದಕ್ಕೇ ಅನುಭವಿ ಎಂಜಿನಿಯರ್‌ಗಳು ಮೊನೊ ಬಟನ್ ಒತ್ತಿ ಕೇಳಿ ನೋಡುತ್ತಾರೆ. ಸುಳಿ ಉಳಿಯಲೇಬೇಕೆಂದರೆ ಒಂದೇ ಔಟ್‌ಪುಟ್ ಬಳಸುತ್ತಾರೆ.

8ಡಿ ಹಾಡನ್ನೂ ಹೀಗೆ ಪರೀಕ್ಷಿಸಿ. ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೊನೊ ಆಡಿಯೊ ಆನ್ ಮಾಡಿದರೆ ತಿರುಗಾಟ ನಿಲ್ಲುತ್ತದೆ. ಅಂದಹಾಗೆ, ಒಂದು ಕಿವಿ ಮಾತ್ರ ಕೇಳಿಸುವವರು ನಿಮ್ಮ ಮನೆಯಲ್ಲಿದ್ದರೆ ಈ ಸೆಟ್ಟಿಂಗ್ ಅವರಿಗೆ ಖಂಡಿತ ಬೇಕು. ಇಲ್ಲದಿದ್ದರೆ ಇನ್ನೊಂದು ಚಾನೆಲ್‌ನಲ್ಲಿರುವುದು ಅವರಿಗೆ ಕೇಳಿಸುವುದೇ ಇಲ್ಲ.

ಬ್ಲುಮ್‌ಲೈನ್ ಮುಂದೆ ಟಿವಿಯತ್ತ ಹೊರಳಿದರು. 1936ರಲ್ಲಿ ಬಿಬಿಸಿ ಆರಂಭಿಸಿದ ಟಿವಿ ಪ್ರಸಾರದ 405 ಗೆರೆಗಳ ವ್ಯವಸ್ಥೆಯ ಹಿಂದೆ ಅವರ ಕೆಲಸವಿತ್ತು. ಆಮೇಲೆ ಯುದ್ಧ ಬಂತು. ವಿಮಾನದಿಂದ ಕತ್ತಲಲ್ಲೂ ನೆಲ ಕಾಣಿಸುವ ಎಚ್‌2ಎಸ್ ರೇಡಾರ್ ತಯಾರಿಕೆಗೆ ಕೈಹಾಕಿದರು. 1942ರ ಜೂನ್ 7ರಂದು ಅದನ್ನು ಪರೀಕ್ಷಿಸಲು ಹೊರಟ ಹ್ಯಾಲಿಫ್ಯಾಕ್ಸ್ ವಿಮಾನದ ಎಂಜಿನ್‌ಗೆ ಬೆಂಕಿ ಹತ್ತಿತು. ವೆಲ್ಷ್ ಬಿಕ್ನರ್ ಹಳ್ಳಿಯ ಬಳಿ ಅದು ನೆಲಕ್ಕಪ್ಪಳಿಸಿ, ಒಳಗಿದ್ದ 11 ಮಂದಿಯೂ ಸತ್ತರು. ಎಂಜಿನ್‌ನ ಒಂದು ನಟ್ ಸರಿಯಾಗಿ ಬಿಗಿಯದೆ ಇದ್ದದ್ದು ಕಾರಣವೆಂದು ಆಮೇಲೆ ಗೊತ್ತಾಯಿತು. ಬ್ಲುಮ್‌ಲೈನ್‌ಗೆ ಆಗ 38 ವರ್ಷ, ಇಬ್ಬರು ಗಂಡುಮಕ್ಕಳು, ಹೆಸರಿನಲ್ಲಿ 128 ಪೇಟೆಂಟ್.

ರೇಡಾರ್ ಗುಟ್ಟಾಗಿದ್ದರಿಂದ ಸಾವಿನ ಸುದ್ದಿಯನ್ನೂ ಮುಚ್ಚಿಡಲಾಯಿತು. ಸ್ಟೀರಿಯೊ ತಟ್ಟೆಗಳು ಅಂಗಡಿಗೆ ಬಂದದ್ದು 1950ರ ದಶಕದ ಕೊನೆಗೆ. ಒಂದೇ ಗೀರು, ಎರಡು ಗೋಡೆ. 2017ರಲ್ಲಿ ಅವರಿಗೆ ಮರಣೋತ್ತರವಾಗಿ ತಾಂತ್ರಿಕ ಗ್ರ್ಯಾಮಿ ಕೊಟ್ಟರು.