ಹಾರ್ವೆ ಕುಶಿಂಗ್: ರೋಗಿಯನ್ನು ಮರೆಯದ ವೈದ್ಯ

ತರಗತಿಯಲ್ಲಿ ಪಿಟ್ಯುಟರಿ ಗ್ರಂಥಿಯ ಪಾಠ ಮುಗಿದ ದಿನವೇ ನಾನು ಗ್ರಂಥಾಲಯದಲ್ಲಿ ಹಾರ್ವೆ ಕುಶಿಂಗ್ ಅವರ ಬಗ್ಗೆ ಓದಿದೆ.

1869ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಜನಿಸಿದ ಅವರು ಹಾರ್ವರ್ಡ್‌ನಲ್ಲಿ ವೈದ್ಯಕೀಯ ಓದಿದರು. ವಿದ್ಯಾರ್ಥಿಯಾಗಿದ್ದಾಗ ಅವರು ಈಥರ್ ಕೊಟ್ಟ ರೋಗಿಯೊಬ್ಬರು ತೀರಿಕೊಂಡರು. ಕುಶಿಂಗ್ ಕೈಚೆಲ್ಲಲಿಲ್ಲ. ಸಹಪಾಠಿ ಅರ್ನೆಸ್ಟ್ ಕಾಡ್‌ಮನ್ ಜೊತೆ ಸೇರಿ, ಶಸ್ತ್ರಚಿಕಿತ್ಸೆಯ ಉದ್ದಕ್ಕೂ ನಾಡಿ, ಉಸಿರಾಟ ಬರೆದಿಡುವ ಪದ್ಧತಿ ತಂದರು. ಮುಂದೆ ಹೆಸರಾಂತ ಮೆದುಳಿನ ಶಸ್ತ್ರಚಿಕಿತ್ಸಕರಾದರು.

ಪಿಟ್ಯುಟರಿ ಇರುವುದು ತಲೆಬುರುಡೆಯ ತಳದಲ್ಲಿ, ಬಟಾಣಿ ಕಾಳಿನಷ್ಟು. ಅಲ್ಲಿನ ಪುಟ್ಟ ಗಡ್ಡೆ ಎಕ್ಸ್‌ರೇಯಲ್ಲಿ ಕಾಣದು. ಆಗ ಸ್ಕ್ಯಾನ್ ಇರಲಿಲ್ಲ, ಹಾರ್ಮೋನ್ ಅಳೆಯುವ ರಕ್ತಪರೀಕ್ಷೆಯೂ ಇರಲಿಲ್ಲ. 1910ರಲ್ಲಿ 23 ವರ್ಷದ ಯುವತಿಯೊಬ್ಬರು ಅವರ ಬಳಿ ಬಂದರು. ದುಂಡಾದ ಮುಖ, ಉಬ್ಬಿದ ಹೊಟ್ಟೆ, ಚರ್ಮದ ಮೇಲೆ ನೇರಳೆ ಗೆರೆಗಳು, ನಿಂತುಹೋದ ಮುಟ್ಟು. ಕಾರಣ ಖಚಿತವಾಗಲಿಲ್ಲ. ಆದರೆ ಕುಶಿಂಗ್ ಆಕೆಯನ್ನು ಮರೆಯಲಿಲ್ಲ. 22 ವರ್ಷಗಳ ನಂತರ, 1932ರಲ್ಲಿ, ತಾವು ಕಂಡ ಮತ್ತು ಇತರರು ವರದಿ ಮಾಡಿದ ಇಂಥ 12 ಪ್ರಕರಣಗಳನ್ನು ಜೋಡಿಸಿ, ಪಿಟ್ಯುಟರಿಯ ಪುಟ್ಟ ಗಡ್ಡೆಯೇ ಮೂಲವೆಂದು ವಾದಿಸಿದರು. ಆ ಗಡ್ಡೆ ಎಸಿಟಿಎಚ್ ಹಾರ್ಮೋನನ್ನು ಅತಿಯಾಗಿ ಸ್ರವಿಸುತ್ತದೆ, ಅದರಿಂದ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲನ್ನು ಹೆಚ್ಚಿಸುತ್ತವೆ ಎಂಬುದು ಆಮೇಲೆ ತಿಳಿಯಿತು. ಇಂದು ಅದನ್ನು ಕುಶಿಂಗ್ ಕಾಯಿಲೆ ಎನ್ನುತ್ತಾರೆ. 1939ರಲ್ಲಿ ಅವರು ನಿಧನರಾದರು.

ದಪ್ಪಗಿರುವವರನ್ನು ಕಂಡು, ತಿಂದು ಕೊಬ್ಬಿದ್ದಾರೆ ಎಂದು ನಕ್ಕವರಲ್ಲಿ ನಾನೂ ಒಬ್ಬಳು. ಅವರಲ್ಲಿ ಎಲ್ಲರಿಗೂ ಈ ಕಾಯಿಲೆ ಇರುವುದಿಲ್ಲ, ಇದು ತೀರಾ ಅಪರೂಪ. ಆದರೂ ಇದನ್ನು ಓದಿದ ಮೇಲೆ ನನಗೆ ಹಾಗೆ ನಗಲು ಆಗುತ್ತಿಲ್ಲ.