ಹಕ್ಕಿಗಳ ಲೆಕ್ಕ ಇಟ್ಟವರು

ಡೆಬಿಟ್ಟು-ಕ್ರೆಡಿಟ್ಟು ಬಿಟ್ರೆ ನಮಗೇನೂ ಗೊತ್ತಿಲ್ಲ ಅಂತ ಆರ್ಟ್ಸಿನವರು ನಗ್ತಾರೆ. ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರೂ ಕಾಮರ್ಸ್ ಓದಿದವರೇ!

ಹುಟ್ಟಿದ್ದು 1896ರಲ್ಲಿ, ಮುಂಬಯಿಯಲ್ಲಿ. ಎಳವೆಯಲ್ಲೇ ತಂದೆ-ತಾಯಿ ತೀರಿಕೊಂಡರು, ಸಾಕಿದವರು ಸೋದರಮಾವ. ತಾನು ಹೊಡೆದ ಗುಬ್ಬಿಯ ಕತ್ತು ಹಳದಿ ಯಾಕೆಂದು ಕೇಳಲು ಹುಡುಗ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲು ಹತ್ತಿದ. ಆಮೇಲೆ ಅಲ್ಲಿಯವನೇ ಆದ. ಬರ್ಮಾದಲ್ಲಿ ಅಣ್ಣನ ಜೊತೆಗಿನ ವ್ಯಾಪಾರ ಕೈಹತ್ತಲಿಲ್ಲ. ಜರ್ಮನಿಯಲ್ಲಿ ಕಲಿತು 1930ರಲ್ಲಿ ಮರಳಿದರೆ ಮ್ಯೂಜಿಯಮ್ಮಿನ ಕೆಲಸವೂ ಹೋಗಿತ್ತು. ಸುಮ್ಮನೆ ಕೂರಲಿಲ್ಲ. ಕಿಹಿಮ್ ಹಳ್ಳಿಯಲ್ಲಿ ಗೀಜಗನ ಗೂಡುಗಳನ್ನು ದಿನಾ ನೋಡಿ ಬರೆದಿಟ್ಟರು: ಗಂಡು ಅರ್ಧ ಗೂಡು ಕಟ್ಟುತ್ತದೆ, ಹೆಣ್ಣು ಒಪ್ಪಿದರೆ ಪೂರ್ತಿ ಮಾಡುತ್ತದೆ, ಮತ್ತೆ ಇನ್ನೊಂದಕ್ಕೆ ಕೈಹಾಕುತ್ತದೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿತು. ವಲಸೆ ಹಕ್ಕಿಗಳು ತಂದವೋ ಎಂಬ ಅನುಮಾನ. 1959ರಿಂದ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಇವರ ತಂಡ ಸಾವಿರಾರು ಹಕ್ಕಿಗಳ ಕಾಲಿಗೆ ನಂಬರಿನ ಉಂಗುರ ತೊಡಿಸಿ ಹಾರಿಬಿಟ್ಟಿತು. ಅವು ಎಲ್ಲಿಂದ ಬಂದು ಎಲ್ಲಿಗೆ ಹೋಗ್ತವೆ ಅನ್ನೋದು ಹೀಗೆ ತಿಳಿಯತೊಡಗಿತು.

1987ರಲ್ಲಿ ತೀರಿಕೊಂಡರು. ಡಿಗ್ರಿ ಮುಗಿದ ಮೇಲೆ ಕೆಲಸ ಸಿಗದಿದ್ದರೆ ಏನು ಗತಿ ಅಂತ ಹೆದರುವಾಗೆಲ್ಲ ನನಗೆ ಆ ಗೀಜಗನ ಗೂಡು ನೆನಪಾಗುತ್ತದೆ.