ಮನೆಯವರಿಗೇ ಕೇಳಿಸದ ಟೆಲಿಫೋನ್

ಟೆಲಿಫೋನ್ ಕಂಡುಹಿಡಿದವರು ಯಾರು ಎಂದು ಕೇಳಿದರೆ ಪ್ರೈಮರಿ ಶಾಲೆಯ ಮಕ್ಕಳೂ ಅಲೆಗ್ಸಾಂಡರ್ ಗ್ರಹಾಂ ಬೆಲ್ ಎಂದು ಥಟ್ಟನೆ ಹೇಳುತ್ತಾರೆ. ಅವರ ತಾಯಿಗೂ ಹೆಂಡತಿಗೂ ಕಿವಿ ಕೇಳಿಸುತ್ತಿರಲಿಲ್ಲ, ಅವರು ಮೊದಲಿಗೆ ಕಿವಿ ಕೇಳದ ಮಕ್ಕಳ ಮೇಷ್ಟ್ರಾಗಿದ್ದರು ಎಂಬುದು ನನಗೆ ತಿಳಿದದ್ದು, ನನ್ನ ದಾದಿಗೆ ಶ್ರವಣ ಸಾಧನ ತಂದ ಮೇಲೆ ಅದರ ಬಗ್ಗೆ ಓದುತ್ತಾ ಹೋದಾಗ.

ಬೆಲ್ ಹುಟ್ಟಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಂದೆ ಉಚ್ಚಾರಣೆ ಕಲಿಸುವವರು. ಯಾವ ಅಕ್ಷರಕ್ಕೆ ನಾಲಿಗೆ, ತುಟಿ ಹೇಗೆ ನಿಲ್ಲುತ್ತವೆ ಎಂಬುದನ್ನು ಚಿಹ್ನೆಗಳಲ್ಲಿ ತೋರಿಸುವ ಪದ್ಧತಿಯೊಂದನ್ನು ರೂಪಿಸಿದ್ದರು. ತಾಯಿ ಎಲೈಜಾ ಅವರಿಗೆ ಕಿವಿ ಬಹಳ ಮಂದ. ಆದರೂ ಪಿಯಾನೋ ನುಡಿಸುತ್ತಿದ್ದರು. ಆಗಿನ ಶ್ರವಣ ಸಾಧನವೆಂದರೆ ಕಿವಿಗೆ ಹಿಡಿಯುವ ಕೊಳವೆ. ಅಗಲವಾದ ಬಾಯಿಂದ ಸದ್ದನ್ನು ಒಟ್ಟುಗೂಡಿಸಿ ಕಿವಿಯೊಳಗೆ ಬಿಡುತ್ತದೆ, ಅಷ್ಟೇ. ಬ್ಯಾಟರಿಯೂ ಇಲ್ಲ, ತಂತಿಯೂ ಇಲ್ಲ. ಉಳಿದವರು ಅದರೊಳಗೆ ಮಾತಾಡಿದರೆ, ಬಾಲಕ ಬೆಲ್ ತಾಯಿಯ ಹಣೆಯ ಹತ್ತಿರ ಬಾಯಿಟ್ಟು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ನಾಲ್ಕು ಜನ ಸೇರಿದಾಗ ಪಕ್ಕದಲ್ಲಿ ಕೂತು, ಮಾತುಕತೆಯನ್ನು ಬೆರಳ ಸಂಜ್ಞೆಗಳಲ್ಲಿ ತಾಯಿಗೆ ತಿಳಿಸುತ್ತಿದ್ದರು. ಈ ಬೆರಳಿನ ವಿಷಯ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇಬ್ಬರು ಸಹೋದರರು ಕ್ಷಯದಿಂದ ತೀರಿಕೊಂಡ ಮೇಲೆ, 1870ರಲ್ಲಿ ಕುಟುಂಬ ಕೆನಡಾಕ್ಕೆ ಹೋಯಿತು. ಮರುವರ್ಷ ಬೆಲ್ ಅಮೆರಿಕದ ಬಾಸ್ಟನ್‌ನಲ್ಲಿ ಶ್ರವಣದೋಷವುಳ್ಳವರಿಗೆ ಕಲಿಸತೊಡಗಿದರು. ಅಲ್ಲಿ ವಿದ್ಯಾರ್ಥಿನಿಯಾಗಿ ಬಂದವರು ಮೇಬೆಲ್ ಹಬರ್ಡ್. ಐದನೇ ವಯಸ್ಸಿನಲ್ಲಿ ಬಂದ ಜ್ವರದಲ್ಲಿ ಆಕೆಯ ಕಿವಿ ಪೂರ್ತಿ ಹೋಗಿತ್ತು. 1876ರ ಮಾರ್ಚ್ 7ರಂದು ಬೆಲ್‌ಗೆ ಟೆಲಿಫೋನಿನ ಪೇಟೆಂಟ್ ಸಿಕ್ಕಿತು. 1877ರ ಜುಲೈನಲ್ಲಿ ಮೇಬೆಲ್ ಜೊತೆ ಮದುವೆಯಾಯಿತು. ಕಂಪನಿಯಲ್ಲಿ ತಮ್ಮ ಪಾಲಿನ ಷೇರುಗಳಲ್ಲಿ ಹತ್ತನ್ನು ಮಾತ್ರ ಇಟ್ಟುಕೊಂಡು ಉಳಿದದ್ದೆಲ್ಲವನ್ನೂ ಹೆಂಡತಿಗೆ ಉಡುಗೊರೆಯಾಗಿ ಕೊಟ್ಟರು. ಆದರೆ ಆ ಟೆಲಿಫೋನಿನಲ್ಲಿ ಬರುವ ಒಂದು ಮಾತೂ ಆಕೆಗೆ ಕೇಳಿಸುವಂತಿರಲಿಲ್ಲ.

ಟೆಲಿಫೋನ್ ಮಾಡುವುದೇನು? ದನಿಯನ್ನು ವಿದ್ಯುತ್ತಾಗಿಸಿ, ಆ ವಿದ್ಯುತ್ತನ್ನು ಮತ್ತೆ ದನಿಯಾಗಿಸುತ್ತದೆ. ಮೈಕ್, ಬ್ಯಾಟರಿ, ಕಿವಿಗೊಂದು ರಿಸೀವರ್ ಇಷ್ಟನ್ನೇ ಮೈಮೇಲೆ ಹೊತ್ತುಕೊಂಡರೆ ಅದೇ ಶ್ರವಣ ಸಾಧನ! ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಂದ ಮೊದಲ ವಿದ್ಯುತ್ ಸಾಧನಗಳು ಹೀಗೆಯೇ ಇದ್ದವು. ಟೆಲಿಫೋನಿಗಾಗಿ ಎಡಿಸನ್ ಮೊದಲಾದವರು ಸುಧಾರಿಸಿದ ಇಂಗಾಲದ ಮೈಕನ್ನೇ ಅವುಗಳಲ್ಲಿ ಬಳಸಿದರು. ಅಲ್ಪಸ್ವಲ್ಪ ಕೇಳಿಸುವವರಿಗೆ ಅದರಿಂದ ಉಪಯೋಗವಾಯಿತು. ಒಳಗಿವಿಯೇ ಕೆಟ್ಟುಹೋದವರಿಗೆ ಸದ್ದು ಎಷ್ಟು ದೊಡ್ಡದಾದರೇನು?

ಸದ್ದು ದೊಡ್ಡದಾಗುವುದು ಬೇರೆ, ಮಾತು ಅರ್ಥವಾಗುವುದು ಬೇರೆ. ದಾದಿಯನ್ನು ನೋಡಿ ನನಗಿದು ಚೆನ್ನಾಗಿ ಗೊತ್ತು. ಮದುವೆ ಮನೆಗೆ ಹೋದರೆ ಅವರು ಯಂತ್ರ ತೆಗೆದು ಎಲೆ ಅಡಿಕೆಯ ಸಂಚಿಯಲ್ಲಿ ಇಟ್ಟುಬಿಡುತ್ತಾರೆ. ಪಾತ್ರೆಯ ಸದ್ದು, ಮಕ್ಕಳ ಗಲಾಟೆ, ಮಾತು ಎಲ್ಲವೂ ಒಟ್ಟಿಗೆ ಕಿವಿಗೆ ಬಡಿಯುತ್ತವಂತೆ. ವಯಸ್ಸಾದವರಲ್ಲಿ ಸಾಮಾನ್ಯವಾಗಿ ಹೆಚ್ಚು ಆವರ್ತನದ ಸದ್ದುಗಳು ಮೊದಲು ಮರೆಯಾಗುತ್ತವೆ. 'ಸ', 'ಫ'ದಂಥ ಅಕ್ಷರಗಳು ತಪ್ಪುವುದು ಇದಕ್ಕೇ. ಈಗಿನ ಡಿಜಿಟಲ್ ಸಾಧನಗಳು ಸದ್ದನ್ನು ಆವರ್ತನಗಳಾಗಿ ವಿಂಗಡಿಸಿ, ಯಾವುದು ಕಡಿಮೆ ಕೇಳಿಸುತ್ತದೋ ಅದನ್ನೇ ಹೆಚ್ಚಿಸುತ್ತವೆ. ಅದಕ್ಕೆ ಮೊದಲು ಶ್ರವಣ ಪರೀಕ್ಷೆ ಆಗಬೇಕು. ಆ ಪರೀಕ್ಷೆಯ ಆಡಿಯೋಮೀಟರನ್ನು ಮೊದಮೊದಲು ಮಾಡಿದವರಲ್ಲಿ ಬೆಲ್ ಕೂಡ ಒಬ್ಬರು. ನಾವು ಬರೆಯುವ ಡೆಸಿಬೆಲ್‌ನಲ್ಲಿರುವ 'ಬೆಲ್' ಅವರ ಹೆಸರೇ.

ಇಷ್ಟೆಲ್ಲ ಇದ್ದರೂ ಅವರ ಒಂದು ನಿಲುವನ್ನು ನನಗೆ ಒಪ್ಪಲಾಗುವುದಿಲ್ಲ. ಕಿವಿ ಕೇಳದ ಮಕ್ಕಳು ತುಟಿ ನೋಡಿ ಅರ್ಥ ಮಾಡಿಕೊಂಡು ಬಾಯಲ್ಲೇ ಮಾತಾಡಬೇಕು, ಶಾಲೆಯಲ್ಲಿ ಸಂಜ್ಞಾ ಭಾಷೆ ಬೇಡ ಎಂದು ಅವರು ಜೀವನವಿಡೀ ವಾದಿಸಿದರು. ಶ್ರವಣದೋಷವುಳ್ಳವರು ತಮ್ಮತಮ್ಮಲ್ಲೇ ಮದುವೆಯಾಗುವುದರ ವಿರುದ್ಧ 1883ರಲ್ಲಿ ಪ್ರಬಂಧವನ್ನೂ ಮಂಡಿಸಿದರು. ಅನೇಕ ಶಾಲೆಗಳಲ್ಲಿ ಮಕ್ಕಳ ಕೈಗಳನ್ನು ತಡೆಯಲಾಯಿತು. ಮೇಬೆಲ್ ತುಟಿ ನೋಡಿಯೇ ಚೆನ್ನಾಗಿ ಮಾತಾಡುತ್ತಿದ್ದರು, ನಿಜ. ಆದರೆ ಆಕೆ ಐದು ವರ್ಷ ಮಾತು ಕೇಳಿಸಿಕೊಂಡವರು. ಹುಟ್ಟಿನಿಂದ ಏನೂ ಕೇಳದ ಮಗುವಿಗೆ ಅದು ಅಷ್ಟು ಸುಲಭವೇ? ತಾಯಿಯ ಪಕ್ಕದಲ್ಲಿ ಕೂತು ಬೆರಳಲ್ಲಿ ಮಾತು ತಲುಪಿಸಿದ ಹುಡುಗನೇ ಮುಂದೆ ಹೀಗೆ ವಾದಿಸಿದ್ದು ನನಗೆ ಬಿಡಿಸಲಾಗದ ಒಗಟು. ಅಮೆರಿಕದ ಕಿವುಡ ಸಮುದಾಯದ ಅನೇಕರಿಗೆ ಅವರ ಮೇಲೆ ಇಂದಿಗೂ ಸಿಟ್ಟಿದೆ.

ಬೆಲ್ 1922ರ ಆಗಸ್ಟ್ 2ರಂದು ಕೆನಡಾದ ನೋವಾ ಸ್ಕೋಷಿಯಾದಲ್ಲಿ ತೀರಿಕೊಂಡರು. ಐದು ತಿಂಗಳಲ್ಲಿ ಮೇಬೆಲ್ ಕೂಡ ಹೋದರು. 1947ರಲ್ಲಿ, ಅವರ ಹೆಸರಿನ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಬೆಲ್ ಅವರ ನೆನಪಿಗಾಗಿ, ಶ್ರವಣ ಸಾಧನ ತಯಾರಿಸುವವರಿಂದ ಅದರ ಬಳಕೆಗೆ ಕಂಪನಿ ರಾಯಧನ ಪಡೆಯಲಿಲ್ಲ. ಅಂಗಿಯ ಜೇಬಿನಲ್ಲಿದ್ದ ಯಂತ್ರ ಕಿವಿಯ ಹಿಂದಕ್ಕೆ ಬಂದದ್ದು ಆಮೇಲೆ. ಮೇಬೆಲ್‌ರಂತೆ ಒಳಗಿವಿ ಹಾಳಾದ ಅನೇಕರಿಗೆ ಈಗ ಕಾಕ್ಲಿಯರ್ ಇಂಪ್ಲಾಂಟ್ ಇದೆ. ಅದು ಸದ್ದನ್ನು ದೊಡ್ಡದು ಮಾಡುವುದಿಲ್ಲ. ಶಸ್ತ್ರಚಿಕಿತ್ಸೆಯಿಂದ ಒಳಗಿವಿಯಲ್ಲಿ ಕೂರಿಸಿದ ಸಣ್ಣ ತಂತಿಯ ಮೂಲಕ ಶ್ರವಣ ನರಕ್ಕೇ ನೇರವಾಗಿ ವಿದ್ಯುತ್ ಸಂಕೇತ ಕೊಡುತ್ತದೆ.